ಎಮ್ಮೆ ಹಾಲಿಳಿಸುವ ಹೊತ್ತು

ಮುಂಬೈಯ ಜೋಗೇಶ್ವರಿಯಲ್ಲಿ ನಾವಿದ್ದ ಚಾಳಿನ ಹಿಂದೆಯೇ ಎಮ್ಮೆಗಳ ತಬೇಲ. ಶಾಲೆಗೆ ಮುಂಚೆ ಕ್ಯಾನ್ ಹಿಡಿದು ಹಾಲಿಗೆ ಹೋಗುವುದು ನನ್ನ ಕೆಲಸ. ಹಾಲು ಕರೆಯುವ ಭಯ್ಯಾ ಮೊದಲು ಕರುವನ್ನು ಬಿಡುತ್ತಿದ್ದ. ಅದು ಕೆಚ್ಚಲಿಗೆ ಗುದ್ದಿ ಗುದ್ದಿ ಚೀಪುತ್ತಿತ್ತು. ಆಮೇಲೆ ಅದನ್ನು ಎಳೆದು ಕಂಬಕ್ಕೆ ಕಟ್ಟಿ ತಾನು ಕೂರುತ್ತಿದ್ದ. ಬರೀ ನಾಲ್ಕು ಹನಿ. ‘ರುಕೋ, ಅಭೀ ಉತಾರೇಗೀ’, ತಡಿ, ಈಗ ಇಳಿಸ್ತಾಳೆ, ಅನ್ನುತ್ತಿದ್ದ. ಒಂದೆರಡು ನಿಮಿಷ ಕಳೆಯಿತೋ, ಜೋತಿದ್ದ ಮೊಲೆಗಳು ಬಿಗಿದುಕೊಂಡು ಬಕೆಟ್ಟಿಗೆ ಸರ್ ಸರ್ ಎಂದು ನೊರೆಹಾಲು.

ಆ ಒಂದೆರಡು ನಿಮಿಷ ಯಾಕೆ ಬೇಕು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಸುದ್ದಿ ಹೋಗುವುದು ನರದಲ್ಲಿ, ಉತ್ತರ ಬರುವುದು ರಕ್ತದಲ್ಲಿ.

ಕರು ಚೀಪಿದ ಸುದ್ದಿ ಮಿದುಳಿಗೆ ಮುಟ್ಟಲು ಹೊತ್ತೇ ಬೇಡ. ದಪ್ಪನೆಯ ನರತಂತುಗಳಲ್ಲಿ ಸುದ್ದಿ ಸೆಕೆಂಡಿಗೆ 100 ಮೀಟರ್ ಓಡಬಲ್ಲದು. ಮಿದುಳಿನ ಬುಡದಲ್ಲಿ ಹೈಪೋಥಲಾಮಸ್ ಎಂಬ ಭಾಗವಿದೆ. ಅಲ್ಲಿನ ಕೆಲವು ನರಕೋಶಗಳು ವಿಚಿತ್ರ. ಅವುಗಳ ಉದ್ದನೆಯ ಬಾಲ ಕೆಳಗಿರುವ ಪಿಟ್ಯುಟರಿ ಗ್ರಂಥಿಯೊಳಗೆ ಇಳಿದಿರುತ್ತದೆ. ಅದರ ತುದಿ ಇನ್ನೊಂದು ನರಕ್ಕೆ ಸುದ್ದಿ ಕೊಡುವುದಿಲ್ಲ, ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು, ಅಂದರೆ ರಕ್ತದಲ್ಲಿ ಸುದ್ದಿ ಒಯ್ಯುವ ರಸವನ್ನು, ನೇರವಾಗಿ ರಕ್ತಕ್ಕೆ ಬಿಡುತ್ತದೆ. ಇದನ್ನು ನರ ಅನ್ನೋಣವೇ, ಗ್ರಂಥಿ ಅನ್ನೋಣವೇ? ಶಾಲೆಯಲ್ಲಿ ಎರಡನ್ನೂ ಬೇರೆ ಬೇರೆ ಪಾಠ ಮಾಡಿದ್ದೇ ತಪ್ಪು ಅಂತ ನನಗನ್ನಿಸುತ್ತದೆ.

ಹಾರ್ಮೋನು ಮೈಯೆಲ್ಲ ಸುತ್ತುತ್ತದೆ. ಸ್ಟೇಷನ್ನಿನಲ್ಲಿ ವಿರಾರ್ ಫಾಸ್ಟ್ ಲೋಕಲ್ ಬಂತು ಅಂತ ಕೂಗಿದ್ದು ಎಲ್ಲರ ಕಿವಿಗೂ ಬೀಳುತ್ತದೆ, ಬ್ಯಾಗು ಎತ್ತಿಕೊಳ್ಳುವುದು ಆ ಕಡೆಯವರು ಮಾತ್ರ, ಅಲ್ವಾ? ಹಾಗೇ ಇದು. ಕೆಚ್ಚಲೊಳಗೆ ಹಾಲಿನ ಪುಟಾಣಿ ಚೀಲಗಳನ್ನು ಸುತ್ತಿಕೊಂಡ ಕೋಶಗಳಿಗೆ ಆಕ್ಸಿಟೋಸಿನ್ ಗುರುತು ಹತ್ತುತ್ತದೆ. ಅವು ಚೀಲಗಳನ್ನು ಹಿಂಡುತ್ತವೆ. ಎಮ್ಮೆಯಲ್ಲಿ ಹಾಲೆಲ್ಲ ಹೆಚ್ಚೂಕಮ್ಮಿ ಈ ಚೀಲಗಳಲ್ಲೇ ಇರುತ್ತದೆ. ಅದಕ್ಕೇ ಹಸುವಿಗಿಂತ ಎಮ್ಮೆಯ ಹತ್ತಿರ ತಾಳ್ಮೆ ಜಾಸ್ತಿ ಬೇಕು.

ಇದು ರಕ್ತದ ಕೆಲಸವೇ ಅಂತ ಗೊತ್ತಾಗಿದ್ದು ಹೇಗೆ? 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್‌ಸನ್ ಹಸುವಿನ ಅರ್ಧ ಕೆಚ್ಚಲಿಗೆ ಹೋಗುವ ನರಗಳನ್ನು ಕತ್ತರಿಸಿ ನೋಡಿದರು. ಹಾಲು ಎರಡೂ ಕಡೆ ಇಳಿಯಿತು! ಆಮೇಲೆ ಕಾಗದದ ಚೀಲ ಊದಿ, ಹಸುವಿನ ಪಕ್ಕದಲ್ಲೇ ಢಬ್ ಅಂತ ಒಡೆದರು. ಹೆದರಿದ ಹಸು ಹಾಲು ಇಳಿಸಲಿಲ್ಲ.

ಇದನ್ನು ನಾನೂ ಕಂಡಿದ್ದೇನೆ. ಗಣಪತಿ ದಿನ ಯಾರೋ ತಬೇಲದ ಬಾಗಿಲಲ್ಲೇ ಪಟಾಕಿ ಸರ ಹಚ್ಚಿದರು. ಸದ್ದು ನಿಂತರೂ ಎಮ್ಮೆ ಕಣ್ಣರಳಿಸಿಕೊಂಡೇ ನಿಂತಿತ್ತು. ಭಯ ನರದಲ್ಲಿ ಓಡಿ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ತಟ್ಟುತ್ತದೆ, ಅಡ್ರಿನಲಿನ್ ರಕ್ತಕ್ಕೆ ಬೀಳುತ್ತದೆ. ಕೆಚ್ಚಲಿನ ರಕ್ತನಾಳಗಳು ಬಿಗಿಯುತ್ತವೆ. ಇರುವ ಆಕ್ಸಿಟೋಸಿನ್ನೂ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ನರ ಸುಮ್ಮನಾದರೂ ರಕ್ತದಲ್ಲಿ ಬೆರೆತಿದ್ದು ಕರಗಲು ಹೊತ್ತು ಬೇಕು. ಓಡಿ ಲೋಕಲ್ ಹಿಡಿದವರಿಗೆ ಸೀಟು ಸಿಕ್ಕ ಮೇಲೂ ಎದೆ ಹೊಡೆದುಕೊಳ್ಳುವುದು ಸುಮ್ನೆ ಅಲ್ಲ. ಅವತ್ತು ನಮ್ಮನೆಯಲ್ಲಿ ಕರಿ ಚಹಾ.

ಒಮ್ಮೆ ಒಂದು ಕರು ಸತ್ತುಹೋಯಿತು. ಭಯ್ಯಾ ಅದರ ಚರ್ಮಕ್ಕೆ ಹುಲ್ಲು ತುಂಬಿ ಹೊಲಿದು ಎಮ್ಮೆಯ ಮುಂದೆ ನಿಲ್ಲಿಸಿದ. ಹೊಲಿಗೆಯ ಸಂದಿಯಿಂದ ಹುಲ್ಲು ಹೊರಗೆ ಬಂದಿತ್ತು. ಎಮ್ಮೆ ಮೂಸಿತು, ನೆಕ್ಕತೊಡಗಿತು. ಭಯ್ಯಾ ಏನೂ ಹೇಳದೆ ಬಕೆಟ್ ಹಿಡಿದು ಕಾಯುತ್ತಾ ಕೂತ. ಸ್ವಲ್ಪ ಹೊತ್ತಿಗೆ ಮೊಲೆಗಳು ಬಿಗಿದುಕೊಂಡವು.