ಮಂಡ್ಯದ ಕಬ್ಬಿಗೆ ಜಿನೀವಾದ ತಕ್ಕಡಿ

ಪಾಂಡವಪುರದ ರಸ್ತೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಿದ್ದವು. ಪರಿಚಯದ ರೈತರೊಬ್ಬರು ಹಿಂದಿನ ವಾರದ ತೂಕದ ಚೀಟಿಯನ್ನು ಅಂಗಿ ಜೇಬಿನಿಂದ ತೆಗೆದು ತೋರಿಸಿದರು. ನಾಲ್ಕಾಗಿ ಮಡಚಿದ, ಬೆವರಿಗೆ ಅಂಚು ಮೆತ್ತಗಾದ ಕಾಗದ. ಒಟ್ಟು ತೂಕ, ಗಾಡಿಯ ತೂಕ, ನಿವ್ವಳ ತೂಕ ಎಲ್ಲವೂ ಅದರಲ್ಲಿದ್ದವು, ಹಣದ ಮೊತ್ತ ಮಾತ್ರ ಇರಲಿಲ್ಲ. ‘ದುಡ್ಡು ಕೊಡುವುದು ಕಾರ್ಖಾನೆ, ಅದೂ ಅದಕ್ಕೆ ಮನಸ್ಸು ಬಂದಾಗ. ಸರ್ಕಾರ ಇದರಲ್ಲಿ ಒಂದು ಕಾಸೂ ಹಾಕುವುದಿಲ್ಲ. ನಮಗೆ ಸಬ್ಸಿಡಿ ಜಾಸ್ತಿಯಾಯಿತೆಂದು ಹೊರದೇಶದವರು ದೂರು ಕೊಟ್ಟಿದ್ದಾರಂತಲ್ಲ, ಎಲ್ಲಿದೆ ಸ್ವಾಮಿ ಆ ಸಬ್ಸಿಡಿ?’ ಎಂದು ಕೇಳಿದರು.

ಭಾರತ ಸರ್ಕಾರದ ವಕೀಲರು ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಮಂಡಿಸಿದ್ದೂ ಹೆಚ್ಚುಕಡಿಮೆ ಇದೇ ವಾದವನ್ನು. ಅಲ್ಲಿ ಅದು ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1947ರಲ್ಲಿ 23 ದೇಶಗಳು ಸೇರಿ ಸುಂಕ ಮತ್ತು ವ್ಯಾಪಾರದ ಗ್ಯಾಟ್ ಒಪ್ಪಂದ ಮಾಡಿಕೊಂಡಾಗ ಅವುಗಳಲ್ಲಿ ಭಾರತವೂ ಇತ್ತು. ಆದರೆ ಮುಂದಿನ ನಾಲ್ಕು ದಶಕ ನಾವು ಸಂತೆಗೆ ಹೋಗಿಯೂ ಗಂಟು ಬಿಚ್ಚದವರಂತೆ ಕುಳಿತಿದ್ದೆವು. ವಿದೇಶಿ ವಿನಿಮಯದ ಕೊರತೆ ತೋರಿಸಿ ಆಮದಿಗೆ ಮಿತಿ ಹಾಕಿಕೊಳ್ಳಲು ಒಪ್ಪಂದದಲ್ಲೇ ಅವಕಾಶವಿತ್ತು. ಅಮೆರಿಕ ದೂರು ಕೊಟ್ಟು ಗೆದ್ದ ಮೇಲೆ, 2001ರ ಏಪ್ರಿಲ್ ಹೊತ್ತಿಗೆ ಆ ಬೇಲಿಯ ಕೊನೆಯ ಸಾಲೂ ಹೋಯಿತು.

ಈ ವಿಷಯ ಮಂಡ್ಯದ ಹಳ್ಳಿಗಳಿಗೆ ತಲುಪಿದ್ದು ‘ಡಂಕೆಲ್’ ಎಂಬ ಹೆಸರಿನಲ್ಲಿ. ಗ್ಯಾಟ್‌ನ ಮುಖ್ಯಸ್ಥ ಆರ್ಥರ್ ಡಂಕೆಲ್ 1991ರ ಡಿಸೆಂಬರ್‌ನಲ್ಲಿ ಮುಂದಿಟ್ಟ ಹೊಸ ವ್ಯಾಪಾರ ಒಪ್ಪಂದದ ಕರಡನ್ನು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಊರೂರಿಗೆ ಒಯ್ದಿತು. 1992ರ ಕೊನೆಯಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ ಹಸಿರು ಶಾಲಿನವರು ಕಡತಗಳನ್ನು ಹೊರಗೆಸೆದರು. ಮರುವರ್ಷ ಗಾಂಧಿ ಜಯಂತಿಯಂದು ಕಬ್ಬನ್ ಪಾರ್ಕಿನಲ್ಲಿ ರೈತರು ಭಾರೀ ಸಂಖ್ಯೆಯಲ್ಲಿ ಸೇರಿದರು. ಬೀಜದ ಹಕ್ಕು ಕೈತಪ್ಪುತ್ತದೆ ಎಂಬುದು ಆಗಿನ ದೊಡ್ಡ ಭಯ. ಆ ಗದ್ದಲ ವ್ಯರ್ಥವಾಗಲಿಲ್ಲ. ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ನೆರೆಯವರೊಂದಿಗೆ ಹಂಚಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿ ಕಾಯ್ದೆಯಲ್ಲಿ ಬರೆಯಲಾಯಿತು.

ಆದರೆ ಬೀಜದ ಪುಟ ಓದಿದಷ್ಟು ಶ್ರದ್ಧೆಯಿಂದ ನಾವು ಬೆಲೆಯ ಪುಟ ಓದಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯೊಂದಿಗೆ ಜಾರಿಗೆ ಬಂದ ಕೃಷಿ ಒಪ್ಪಂದದಲ್ಲಿ ಒಂದು ಲೆಕ್ಕವಿದೆ. ಸರ್ಕಾರ ನಿಗದಿ ಮಾಡಿದ ಬೆಲೆಯನ್ನು ಈಗಿನ ಪೇಟೆ ಧಾರಣೆಯ ಜೊತೆ ಹೋಲಿಸುವುದಿಲ್ಲ. 1986ರಿಂದ 88ರವರೆಗಿನ ಅಂತರರಾಷ್ಟ್ರೀಯ ಬೆಲೆಯ ಜೊತೆ ಹೋಲಿಸಬೇಕು. ಎರಡರ ನಡುವಿನ ಅಂತರವನ್ನು ಆ ಬೆಲೆಗೆ ಅರ್ಹವಾದ ಇಡೀ ಬೆಳೆಯ ಪ್ರಮಾಣದಿಂದ ಗುಣಿಸಬೇಕು. ಬಂದ ಮೊತ್ತ ಬೆಳೆಯ ಒಟ್ಟು ಮೌಲ್ಯದ ಶೇ 10ನ್ನು ಮೀರಿದರೆ ಭಾರತದಂಥ ದೇಶ ತಪ್ಪಿತಸ್ಥ. ಹಣ ಯಾರ ಜೇಬಿನಿಂದ ಹೋಯಿತು ಎಂಬ ಕಲಮೇ ಅಲ್ಲಿಲ್ಲ. ಕಬ್ಬಿಗೆ ಕೇಂದ್ರ ಗೊತ್ತುಮಾಡುವ, ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆಯಾದ ಎಫ್‌ಆರ್‌ಪಿ 2025–26ರ ಹಂಗಾಮಿಗೆ ಟನ್ನಿಗೆ 3,550 ರೂಪಾಯಿ, ಅದೂ ಸಕ್ಕರೆ ಇಳುವರಿ ಶೇ 10.25 ಬಂದರೆ. ಇದನ್ನು ಮೂವತ್ತೇಳು ವರ್ಷಕ್ಕೂ ಹಳೆಯ ಬೆಲೆಯ ಪಕ್ಕ ಇಟ್ಟರೆ ಯಾವ ತಕ್ಕಡಿ ತಾನೇ ನೆಟ್ಟಗೆ ನಿಂತೀತು?

ತನ್ನ ತಪ್ಪು ಅರಿವಾದ ಮೇಲೆ ಭಾರತ ಸುಮ್ಮನೆ ಕೂರಲಿಲ್ಲ. 2003ರಲ್ಲಿ ಮೆಕ್ಸಿಕೊದ ಕ್ಯಾನ್‌ಕುನ್‌ನಲ್ಲಿ ಬ್ರೆಜಿಲ್, ಚೀನಾ, ದಕ್ಷಿಣ ಆಫ್ರಿಕಾಗಳ ಜೊತೆ ಕೂಟ ಕಟ್ಟಿ, ತಮ್ಮ ರೈತರಿಗೆ ಧಾರಾಳವಾಗಿ ಸುರಿಯುತ್ತಿದ್ದ ಅಮೆರಿಕ ಮತ್ತು ಯುರೋಪಿಗೆ ಎದುರು ನಿಂತಿತು. ಸಭೆ ಮುರಿದುಬಿತ್ತು. 2008ರಲ್ಲಿ ಜಿನೀವಾದ ಮಾತುಕತೆಯೂ ಮುರಿಯಿತು. ಆಮದು ಏಕಾಏಕಿ ಹೆಚ್ಚಿದಾಗ ಸುಂಕ ಏರಿಸುವ ರಕ್ಷಣೆಗೆ ಆಗಿನ ವಾಣಿಜ್ಯ ಸಚಿವ ಕಮಲ್ ನಾಥ್ ಪಟ್ಟು ಹಿಡಿದಿದ್ದರು. ಬೇಡುವವನಾಗಿದ್ದ ದೇಶ ತಡೆಯುವವನಾಯಿತು. 2013ರ ಬಾಲಿ ಸಭೆಯಲ್ಲಿ, ಪಡಿತರಕ್ಕೆಂದು ಧಾನ್ಯ ಸಂಗ್ರಹಿಸುವ ದೇಶಗಳ ಮೇಲೆ ಮಿತಿ ಮೀರಿದರೂ ದಾವೆ ಹೂಡಬಾರದೆಂಬ ‘ಶಾಂತಿ ಷರತ್ತು’ ದಕ್ಕಿತು. ಅಕ್ಕಿಯ ವಿಷಯದಲ್ಲಿ ಮಿತಿ ಮೀರಿದೆವೆಂದು ಒಪ್ಪಿಕೊಂಡು ಆ ಷರತ್ತಿನ ನೆರಳಿಗೆ ಮೊದಲು ಹೋದದ್ದೂ ಭಾರತವೇ, 2018–19ರ ಲೆಕ್ಕಕ್ಕೆ. ಮಂಡ್ಯದ ಭತ್ತಕ್ಕೆ ಆ ನೆರಳಿದೆ. ಅದೇ ವಿ.ಸಿ. ನಾಲೆಯ ನೀರು ಕುಡಿದು, ಅದೇ ಬದುವಿನ ಆಚೆ ಬೆಳೆಯುವ ಕಬ್ಬಿಗೆ ಇಲ್ಲ, ಯಾಕೆಂದರೆ ಸಕ್ಕರೆ ಪಡಿತರ ದಾಸ್ತಾನಿನ ಧಾನ್ಯವಲ್ಲ.

2019ರಲ್ಲಿ ದೂರು ಬಂತು. ದೂರುದಾರರು ಆಸ್ಟ್ರೇಲಿಯಾ, ಗ್ವಾಟೆಮಾಲಾ, ಜೊತೆಗೆ ಕ್ಯಾನ್‌ಕುನ್‌ನ ಗೆಳೆಯ ಬ್ರೆಜಿಲ್. ಗೆಳೆತನ ಗೆಳೆತನವೇ, ಸಕ್ಕರೆ ಸಕ್ಕರೆಯೇ. 2021ರ ಡಿಸೆಂಬರ್ 14ರಂದು ಹೊರಬಂದ ತೀರ್ಪಿನ ಪ್ರಕಾರ, 2014–15ರಿಂದ ಐದು ಹಂಗಾಮು ಭಾರತ ಶೇ 10ರ ಗೆರೆ ದಾಟಿತ್ತು. ಕಾರ್ಖಾನೆ ಹಣ ಕೊಟ್ಟರೂ ಬೆಲೆ ಕಟ್ಟಿದ್ದು ಸರ್ಕಾರ, ಅಷ್ಟು ಸಾಕು ಎಂದಿತು ಸಂಸ್ಥೆಯ ವಿಚಾರಣಾ ಮಂಡಳಿ. ರಫ್ತಿಗೆ ಕೊಟ್ಟ ನೆರವನ್ನೂ ತಪ್ಪೆಂದಿತು.

ಮುಂದಿನದು ತಮಾಷೆಯ ಅಧ್ಯಾಯ. ತೀರ್ಪಿನ ಬೆನ್ನಲ್ಲೇ ಭಾರತ ಮೇಲ್ಮನವಿ ಹಾಕಿತು. ಆದರೆ ಹೊಸ ನ್ಯಾಯಾಧೀಶರ ನೇಮಕಕ್ಕೆ ಅಮೆರಿಕ ಅಡ್ಡಗಾಲು ಹಾಕಿದ್ದರಿಂದ ಮೇಲ್ಮನವಿ ಪೀಠ 2019ರ ಡಿಸೆಂಬರ್‌ನಲ್ಲೇ ಕೆಲಸ ನಿಲ್ಲಿಸಿತ್ತು. ಅಧಿಕಾರಿಯ ಕುರ್ಚಿ ಖಾಲಿ ಇರುವುದನ್ನು ನೋಡಿಕೊಂಡೇ ಅರ್ಜಿ ಕೊಟ್ಟು, ಟಪಾಲಿನಲ್ಲಿ ಸೀಲು ಹಾಕಿಸಿಕೊಂಡು ಬಂದ ಹಾಗೆ. ವಿಚಾರಣೆ ನಡೆಯುವವರೆಗೆ ತೀರ್ಪೂ ಜಾರಿಯಾಗುವಂತಿಲ್ಲ. ಜಾಣತನವೇನೋ ಹೌದು, ನಾಳೆ ನಾವೇ ಇನ್ನೊಬ್ಬರ ಮೇಲೆ ಗೆದ್ದಾಗ ಅವರೂ ಇದೇ ಖಾಲಿ ಕುರ್ಚಿಗೆ ಅರ್ಜಿ ಕೊಟ್ಟಾರು ಎಂಬ ಯೋಚನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಇಷ್ಟರಲ್ಲಿ ಭಾರತವೂ ಮೊದಲಿನ ಭಾರತವಾಗಿ ಉಳಿದಿರಲಿಲ್ಲ. 2022ರ ಜೂನ್‌ನಲ್ಲಿ ಸಕ್ಕರೆ ರಫ್ತಿಗೆ ಮಿತಿ ಹಾಕಿತು. ಮರುವರ್ಷ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಜಗತ್ತಿನ ಅಕ್ಕಿ ಧಾರಣೆಯೇ ಏರಿತು. ಇಲ್ಲಿಯ ಒಂದು ಅಧಿಸೂಚನೆಗೆ ಆಫ್ರಿಕಾದ ಅಡುಗೆಮನೆಗಳು ಬೆಲೆ ತೆರುವಷ್ಟು ದೊಡ್ಡವರಾಗಿಯೂ ನಾವು ಸಭೆಯಲ್ಲಿ ಬಡ ರೈತರ ದೇಶವೆಂದೇ ಹೇಳಿಕೊಳ್ಳುತ್ತೇವೆ. ಎರಡೂ ನಿಜ. ಚೀಟಿ ತೋರಿಸಿದವರಿಗೆ ಇರುವುದು ಎರಡು ಎಕರೆ.

ಅವರಿಗೆ ಈ ಕಥೆಯನ್ನು ಸಾಧ್ಯವಾದಷ್ಟು ಚಿಕ್ಕದಾಗಿ ಹೇಳಿದೆ. ‘ಆಲೆಮನೆಗೆ ಹಾಕಿದರೆ?’ ಎಂದು ಕೇಳಿದರು. ಆಲೆಮನೆಯವರು ಕೊಡುವುದು ಅವತ್ತಿನ ಬೆಲ್ಲದ ಧಾರಣೆ ನೋಡಿ, ಅಲ್ಲಿ ಸರ್ಕಾರದ ಬೆಲೆ ಇಲ್ಲ, ಹಾಗಾಗಿ ಜಿನೀವಾದವರಿಗೆ ಅಲ್ಲಿ ಕೆಲಸವಿಲ್ಲ ಎಂದೆ. ‘ಕಾಸಾದರೂ ಕೈಗೆ ಬೇಗ ಬರುತ್ತದೆ’ ಎನ್ನುತ್ತ ಚೀಟಿಯನ್ನು ಮತ್ತೆ ನಾಲ್ಕಾಗಿ ಮಡಚಿದರು.