ಡಿಸ್ಕ್ ಬ್ರೇಕಿನೊಳಗೆ ಸ್ಪ್ರಿಂಗ್ ಇಲ್ಲ ಮಾರಾಯ್ರೆ

ಮುಂಬೈ ಮಳೆ ಬಿಡುತ್ತಿದ್ದ ಹಾಗೆ ಸಾಕಿನಾಕಾದ ನಮ್ಮ ಗ್ಯಾರೇಜಿಗೆ ಹಳೆಯ ಸ್ಯಾಂಟ್ರೋ, ಝೆನ್‌ಗಳ ಮೆರವಣಿಗೆ ಶುರು. ಗಾಡಿ ಒಂದು ಕಡೆಗೆ ಎಳೆಯುತ್ತದೆ, ಪೆಟ್ರೋಲ್ ಕುಡಿಯುತ್ತದೆ, ಮುಂದಿನ ಒಂದು ಚಕ್ರ ಕೈ ಇಡಲಾಗದಷ್ಟು ಬಿಸಿ. ಬ್ರೇಕ್ ಜಾಮ್. ಮದ್ದನ್ನೂ ಗಾಡಿಯವರೇ ಹೇಳುತ್ತಾರೆ: "ಪ್ಯಾಡ್ ಬದಲಿಸಿ, ಜತೆಗೆ ಆ ವಾಪಸ್ ಎಳೆಯುವ ಸ್ಪ್ರಿಂಗೂ ನೋಡಿ."

ಆ ಸ್ಪ್ರಿಂಗ್ ಇರುವುದು ಡ್ರಮ್ ಬ್ರೇಕಿನಲ್ಲಿ. ಈ ಗಾಡಿಗಳ ಮುಂದಿನ ಚಕ್ರಕ್ಕಿರುವುದು ಡಿಸ್ಕ್: ಚಕ್ರದ ಜತೆ ತಿರುಗುವ ತಟ್ಟೆ, ಅದನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಪ್ಯಾಡ್. ಹಳೆಯ ಪದ್ಮಿನಿ ಕಾರು ಓಡಿಸಿ ಕಲಿತವರಿಗೆ ಆ ಸ್ಪ್ರಿಂಗ್ ತಲೆಯಲ್ಲಿ ಕೂತಿದೆ, ತಪ್ಪಲ್ಲ. ಡಿಸ್ಕಿನಲ್ಲಿ ಪ್ಯಾಡ್ ಅಲ್ಲಾಡದಂತೆ ಸಣ್ಣ ಕ್ಲಿಪ್ ಇರಬಹುದು, ಅದು ಬೇರೆ. ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವುದು ಅದರ ಸುತ್ತ ಕೂತ ಒಂದು ರಬ್ಬರ್ ರಿಂಗ್, ಅಷ್ಟೆ.

ನಂಬಿಕೆ ಬಾರದಿದ್ದರೆ ಮುಂಗೈ ಚರ್ಮದ ಮೇಲೆ ಬೆರಳು ಒತ್ತಿ, ಜಾರದಂತೆ ಸ್ವಲ್ಪ ಮುಂದೆ ತಳ್ಳಿ. ಚರ್ಮ ಬೆರಳಿನ ಜತೆ ಬರುತ್ತದೆ. ಒತ್ತಡ ಬಿಟ್ಟರೆ ಬೆರಳನ್ನೂ ಕರೆದುಕೊಂಡು ಹಿಂದೆ ಹೋಗುತ್ತದೆ. ರಿಂಗ್ ಮಾಡುವುದೂ ಇಷ್ಟೇ. ಪಿಸ್ಟನ್ ಸರಿಯುವುದು ಕೂದಲೆಳೆಯಷ್ಟು. ರಿಂಗ್ ಗಟ್ಟಿಯಾದರೆ, ಪಿಸ್ಟನ್‌ಗೆ ತುಕ್ಕು ಹಿಡಿದರೆ, ಪ್ಯಾಡ್, ಪಿಸ್ಟನ್ ಕೂತಿರುವ ಕ್ಯಾಲಿಪರ್ ಜಾರುವ ಪಿನ್ನಿನ ಗ್ರೀಸ್ ಒಣಗಿದರೆ ಆ ಕೂದಲೆಳೆಯೂ ಸಿಗುವುದಿಲ್ಲ. ಅಲ್ಲಿಗೆ ಹೊಸ ಪ್ಯಾಡ್ ಹಾಕಿದರೆ ಹೊಸ ಪ್ಯಾಡೂ ಸವೆಯುತ್ತದೆ.

ವಡಾಲಾದಲ್ಲಿ ಹೋಟೆಲಿರುವ ನಮ್ಮ ಶೆಟ್ರು ಒಂದೇ ವರ್ಷದಲ್ಲಿ ಬೇರೆ ಕಡೆ ಎರಡು ಸೆಟ್ ಪ್ಯಾಡ್ ಹಾಕಿಸಿದ್ದರು. ಮಳೆಗಾಲವಿಡೀ ಊರಲ್ಲಿದ್ದರು, ಗಾಡಿ ಬಿಲ್ಡಿಂಗ್ ಕೆಳಗೆ ನಿಂತಿತ್ತು. "ಪ್ಯಾಡೇ ಡೂಪ್ಲಿಕೇಟ್ ಇರ್ಬೇಕು, ನೀವು ಒರಿಜಿನಲ್ ಹಾಕಿ ಮಾರಾಯ್ರೆ" ಅಂದರು. ಗಾಡಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಹುಡುಗನ ಹತ್ತಿರ ಬ್ರೇಕ್ ಒತ್ತಿಸಿ ಬಿಡಿಸಿದೆ. ಚಕ್ರ ತಿರುಗಲಿಲ್ಲ. ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ನಿಪ್ಪಲ್ ಕಾಲು ಸುತ್ತು ಸಡಿಲಿಸಿದ್ದೇ ಕಷಾಯದ ಬಣ್ಣದ ಆಯಿಲ್ ಚಿಮ್ಮಿತು, ಚಕ್ರ ಸಲೀಸಾಗಿ ತಿರುಗಿತು.

ಇದೊಂದೇ ಪರೀಕ್ಷೆಗೆ ಯಾಕೆ ಇಷ್ಟು ಸೋಮಾರಿತನವೋ ನನಗೆ ಅರ್ಥವಾಗಿಲ್ಲ. ನಿಪ್ಪಲ್ ಬಿಟ್ಟಾಗ ಚಕ್ರ ಸಡಿಲಾದರೆ ಒತ್ತಡ ಒಳಗೇ ಸಿಕ್ಕಿಬಿದ್ದಿದೆ ಎಂದರ್ಥ. ಮೊದಲ ಅನುಮಾನ ಕ್ಯಾಲಿಪರಿಗೆ ಆಯಿಲ್ ತರುವ ರಬ್ಬರ್ ಹೋಸ್ ಮೇಲೆ, ಮುಂದಿನ ಎರಡೂ ಚಕ್ರ ಹಿಡಿದಿದ್ದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಮೇಲೆ. ಸಡಿಲಾಗದಿದ್ದರೆ ಪಿಸ್ಟನ್, ಪಿನ್ ಬಿಚ್ಚಿ ನೋಡಬೇಕು. ಶೆಟ್ರದ್ದು ಹೋಸ್. ಹೊರಗೆ ಹೊಸದರಂತೆ ಕಪ್ಪಗೆ ಹೊಳೆಯುತ್ತಿತ್ತು, ಒಳಗೆ ಊದಿ ದಾರಿ ಮುಚ್ಚಿತ್ತು. ಕಾಲಿನ ಬಲಕ್ಕೆ ಆಯಿಲ್ ಮುಂದೆ ಹೋಗುತ್ತದೆ, ಹಿಂದೆ ಬರಲು ಬಲವೆಲ್ಲಿ? "ಇಷ್ಟು ಸಣ್ಣ ಪೈಪಾ!" ಅಂದರು, ಪ್ಯಾಡಿನ ದುಡ್ಡು ನೆನೆದು.

ಎರಡೂ ಕಡೆಯ ಹೋಸ್, ಆಯಿಲ್ ಬದಲಿಸಿದೆವು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯಬಾರದು. ತೇವ ಕುಡಿದದ್ದಕ್ಕೆ ನಿಯಮದ ಆ ಮಿತಿಯೇ 155ಕ್ಕೆ ಇಳಿಯುತ್ತದೆ. ಆಯಿಲ್ ಕುದ್ದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯದು. ಹಿಡಿದ ಬ್ರೇಕಿನಲ್ಲಿ ಖಂಡಾಲಾ ಘಾಟ್ ಇಳಿದರೆ ಏನಾಗಬಹುದೋ ನೀವೇ ಯೋಚಿಸಿ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಮತ್ತೆ, ದಯವಿಟ್ಟು, ಕ್ಯಾಲಿಪರ್ ರಬ್ಬರನ್ನು ಪೆಟ್ರೋಲಿನಲ್ಲಿ ತೊಳೆಯಲು, ಪಿನ್ನಿಗೆ ಬೇರಿಂಗ್ ಗ್ರೀಸ್ ಬಳಿಯಲು ಬಿಡಬೇಡಿ, ರಬ್ಬರ್ ಉಬ್ಬುತ್ತದೆ. ನಿಮ್ಮ ಗಾಡಿಯ ರೋಗ ಇದೇ ಅಂತ ನೋಡದೆ ಹೇಳಲಾರೆ. ಬ್ರೇಕಿನ ವಿಷಯ, ಕೆಲಸ ತಿಳಿದವರೇ ಬಿಚ್ಚಲಿ.

ಶೆಟ್ರು ಈಗ ವಾಶಿಗೆ ಹೋಗಿ ಬಂದಾಗೆಲ್ಲ ಎರಡೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ ಫೋನ್ ಮಾಡುತ್ತಾರೆ. "ಎರಡೂ ಸ್ವಲ್ಪ ಬೆಚ್ಚಗೆ ಉಂಟು ಮಾರಾಯ್ರೆ, ಪರವಾಗಿಲ್ವಾ?" ಎರಡೂ ಒಂದೇ ತರ ಬೆಚ್ಚಗಿದ್ದರೆ ಪರವಾಗಿಲ್ಲ ಅಂತ ಪ್ರತಿ ಸಲವೂ ಹೇಳುತ್ತೇನೆ.