ಲಿನಕ್ಸ್ ಎಂದರೆ ಯಾವುದರ ಹೆಸರು?

ಡೆಬಿಯನ್ ಅಥವಾ ಫೆಡೋರಾ ಎಂಬ ಆಪರೇಟಿಂಗ್ ಸಿಸ್ಟಂ ಇರುವ ಗಣಕದಲ್ಲಿ ಟರ್ಮಿನಲ್ (ಆದೇಶಗಳನ್ನು ಟೈಪಿಸುವ ಕಿಟಕಿ) ತೆರೆದು 'ಯುನೇಮ್' ಎಂದು ಟೈಪಿಸಿದರೆ 'ಲಿನಕ್ಸ್' ಎಂಬ ಉತ್ತರ ಬರುತ್ತದೆ. ಅದೇ ಆದೇಶದ ಮುಂದೆ 'ಮೈನಸ್ ಓ' ಸೇರಿಸಿದರೆ ಉತ್ತರ 'ಗ್ನು/ಲಿನಕ್ಸ್' ಎಂದಾಗುತ್ತದೆ. ಮೊದಲನೆಯದು ಯಂತ್ರಾಂಶವನ್ನು ನಿಭಾಯಿಸುವ ಕರ್ನಲ್‌ನ ಹೆಸರು, ಎರಡನೆಯದು ಇಡೀ ಆಪರೇಟಿಂಗ್ ಸಿಸ್ಟಂನದು. ಇಡೀ ವ್ಯವಸ್ಥೆಯನ್ನು ಬರೀ 'ಲಿನಕ್ಸ್' ಎನ್ನಬೇಕೋ 'ಗ್ನು/ಲಿನಕ್ಸ್' ಎನ್ನಬೇಕೋ ಎಂಬುದು ಹಳೆಯ ವ್ಯಾಜ್ಯ. ಉತ್ತರ ಹೇಳುವ ಈ ಪುಟ್ಟ ತಂತ್ರಾಂಶವೇ ಗ್ನು ಯೋಜನೆಗೆ ಸೇರಿದ್ದಾದ್ದರಿಂದ, ಸಾಕ್ಷಿ ನುಡಿಯುತ್ತಿರುವವನು ವ್ಯಾಜ್ಯದ ಕಕ್ಷಿದಾರನೂ ಹೌದು.

ಯುನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂಗೆ ಹೊಂದಿಕೊಳ್ಳುವ, ಆದರೆ ಸಂಪೂರ್ಣ ಸ್ವತಂತ್ರವಾದ 'ಗ್ನು' ಎಂಬ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದರು. ಮುಂದಿನ ವರ್ಷಗಳಲ್ಲಿ ಪ್ರೋಗ್ರಾಂಗಳನ್ನು ಯಂತ್ರಭಾಷೆಗೆ ತರುವ ಜಿಸಿಸಿ ಕಂಪೈಲರ್, ಬಳಕೆದಾರರ ಆದೇಶಗಳನ್ನು ಸ್ವೀಕರಿಸುವ ಬ್ಯಾಶ್ ಶೆಲ್, ಬಹುತೇಕ ತಂತ್ರಾಂಶಗಳು ನೆಚ್ಚುವ ಸಿ ಲೈಬ್ರರಿ ಎಲ್ಲವೂ ರೂಪುಗೊಂಡರೂ 'ಹರ್ಡ್' ಎಂಬ ಕರ್ನಲ್ ಮಾತ್ರ ಕೈಗೆ ಬರಲಿಲ್ಲ. ಆ ಜಾಗವನ್ನು 1991ರಲ್ಲಿ ತುಂಬಿದ್ದು ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ಕರ್ನಲ್. ತಮ್ಮ ಹೆಸರನ್ನೇ ಅದಕ್ಕಿಡುವುದು ಜಂಬವೆನಿಸೀತೆಂದು ಅವರು 'ಫ್ರೀಯಾಕ್ಸ್' ಎಂಬ ಹೆಸರನ್ನು ಯೋಚಿಸಿಟ್ಟಿದ್ದರು. ಕಡತಗಳಿಗೆ ಸರ್ವರ್‌ನಲ್ಲಿ ಜಾಗ ಕೊಟ್ಟ ಆರಿ ಲೆಮ್ಕೆ ಅವರಿಗೆ ಅದು ಹಿಡಿಸದೆ, ಫೋಲ್ಡರ್‌ಗೆ 'ಲಿನಕ್ಸ್' ಎಂದು ಹೆಸರಿಟ್ಟರು. ದಶಕಗಳ ಜಗಳಕ್ಕೆ ಕಾರಣವಾದ ಹೆಸರನ್ನು ಇಟ್ಟವರು ಎರಡೂ ಕಡೆಯವರಲ್ಲ!

ಕರ್ನಲ್‌ನ ಹೆಸರು ಕ್ರಮೇಣ ಇಡೀ ವ್ಯವಸ್ಥೆಗೆ ಅಂಟಿಕೊಂಡಾಗ ಸ್ಟಾಲ್‌ಮನ್ ಆಕ್ಷೇಪಿಸಿ, 'ಗ್ನು' ಹೆಸರನ್ನೂ ಸೇರಿಸಿ ಎಂದು ಕೋರಿದರು. 1996ರಲ್ಲಿ 'ಲಿಗ್ನಕ್ಸ್' ಎಂಬ ಬೆಸುಗೆಪದವನ್ನೂ ಪ್ರಯೋಗಿಸಿ ನೋಡಿದರು. ಅದು ಯಾರ ನಾಲಿಗೆಗೂ ಒಗ್ಗಲಿಲ್ಲ. ದುಡಿದವರೆಲ್ಲರ ಹೆಸರೂ ಬೇಕೆಂದರೆ ಗತಿಯೇನು ಎಂಬ ವಿರೋಧಿಗಳ ಮರುಪ್ರಶ್ನೆಯ ತೂಕವನ್ನು ಅರಿಯಲು, ಬಿಎಸ್‌ಡಿ ಎಂಬ ಮತ್ತೊಂದು ಯುನಿಕ್ಸ್ ಬಗೆಯ ವ್ಯವಸ್ಥೆಯ ಪರವಾನಗಿಯ ಕಥೆಯನ್ನು ನೋಡಬೇಕು. ತನ್ನ ತಂತ್ರಾಂಶದ ಪ್ರಸ್ತಾಪವಿರುವ ಪ್ರತಿ ಜಾಹೀರಾತಿನಲ್ಲೂ ಕೃತಜ್ಞತೆಯ ವಾಕ್ಯವೊಂದು ಇರಬೇಕೆಂದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಷರತ್ತು ಹಾಕಿತ್ತು. ಉಳಿದವರೂ ಅದನ್ನೇ ನಕಲಿಸಿ ತಂತಮ್ಮ ಹೆಸರು ಸೇರಿಸಿಕೊಳ್ಳುತ್ತ ಹೋದರು. ಬಿಎಸ್‌ಡಿಯ ಕವಲಾದ ನೆಟ್‌ಬಿಎಸ್‌ಡಿಯ 1997ರ ಆವೃತ್ತಿಯಲ್ಲಿ ಇಂಥ 75 ವಾಕ್ಯಗಳನ್ನು ಎಣಿಸಿ, ಇದು ಕೆಲಸಕ್ಕೆ ಬಾರದ ಪದ್ಧತಿ ಎಂದು ವಾದಿಸಿದವರು ಬೇರಾರೂ ಅಲ್ಲ, ಸ್ಟಾಲ್‌ಮನ್ ಅವರೇ. 1999ರಲ್ಲಿ ವಿಶ್ವವಿದ್ಯಾಲಯ ಆ ಷರತ್ತನ್ನು ಕೈಬಿಟ್ಟಿತು. ಸ್ಟಾಲ್‌ಮನ್ ಅವರ ಈ ನಿಲುವನ್ನು ಇಬ್ಬಂದಿತನ ಎನ್ನುವುದು ಅವಸರದ ಮಾತಾದೀತು, ಏಕೆಂದರೆ 'ಗ್ನು' ಸೇರಿಸಿ ಎಂಬುದು ಅವರ ಕೋರಿಕೆ ಮಾತ್ರವಾಗಿತ್ತೇ ಹೊರತು ಗ್ನು ಯೋಜನೆಯ ಜಿಪಿಎಲ್ ಪರವಾನಗಿಯಲ್ಲಿ ಅಂಥ ಕಟ್ಟುಪಾಡೇನೂ ಇಲ್ಲ.

ಗೌರವದ ಲೆಕ್ಕಾಚಾರಕ್ಕಿಂತ ವಿವರಣೆಯ ದೃಷ್ಟಿಯಿಂದಲೇ ಜೋಡಿಹೆಸರು ಹೆಚ್ಚು ಉಪಯುಕ್ತವೆಂದು ನನಗನಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿರುವುದು ಲಿನಕ್ಸ್ ಕರ್ನಲ್ಲೇ ಆದರೂ ಅದರ ಸಿ ಲೈಬ್ರರಿ ಗ್ನು ಯೋಜನೆಯದಲ್ಲ, ಬಯಾನಿಕ್. ಆಲ್ಪೈನ್ ಲಿನಕ್ಸ್‌ನಲ್ಲಿ ಆ ಸ್ಥಾನದಲ್ಲಿರುವುದು ಮಸ್ಲ್. ಡೆಬಿಯನ್‌ಗಾಗಿ ಕಂಪೈಲ್ ಮಾಡಿದ ತಂತ್ರಾಂಶವನ್ನು ಹಾಗೆಯೇ ತಂದು ಆಲ್ಪೈನ್‌ನಲ್ಲಿ ಓಡಿಸಲು ಹೊರಟವರಿಗೆ, ಕಣ್ಣೆದುರೇ ಇರುವ ಕಡತ 'ಸಿಗಲಿಲ್ಲ' ಎಂಬ ವಿಚಿತ್ರ ಸಂದೇಶ ಎದುರಾಗುವುದುಂಟು. ವಾಸ್ತವದಲ್ಲಿ ಸಿಗದೆ ಹೋದದ್ದು ಆ ತಂತ್ರಾಂಶ ಹುಡುಕುತ್ತಿದ್ದ ಗ್ನು ಲೈಬ್ರರಿಯ ಲೋಡರ್, ಅಂದರೆ ತಂತ್ರಾಂಶವನ್ನು ಓಡಲು ಸಜ್ಜುಗೊಳಿಸುವ ಕಡತ.